ಸೆರಗಿಗೊಂದು ಪಿನ್ನು

ಕಾಳಕ್ಕನ ಮುಖದ ಎಡಗಡೆ ಸುಟ್ಟಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶ್ರೀರಾಂಪುರದಲ್ಲಿ ಅವಳ ಸುದ್ದಿ ತೆಗೆದವರೆಲ್ಲ ಆ ಮಾತನ್ನು ಕೊನೆಗೆ ಇಟ್ಟುಕೊಂಡು, ದನಿ ತಗ್ಗಿಸಿ, ಲೊಚಗುಟ್ಟುತ್ತಾ ಹೇಳುತ್ತಾರೆ. ನನಗೆ ಆ ನಾಜೂಕು ಬರುವುದಿಲ್ಲ. ಕಣ್ಣಿನ ಕೆಳಗಿನಿಂದ ಕತ್ತಿನವರೆಗೆ ಚರ್ಮ ಸುಕ್ಕುಗಟ್ಟಿ ಎಳೆದುಕೊಂಡಿದೆ. ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ. ನಕ್ಕರೆ ಬಲಗಡೆ ಮಾತ್ರ ನಗುತ್ತದೆ.

ಹದಿನಾರರ ವಯಸ್ಸಿನಲ್ಲಿ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು ಆಗಿತ್ತು, ಕಾಫಿ ಆಗಬೇಕಿತ್ತು. ಪಂಪ್ ಸ್ಟೌವ್ ಸಿಡಿಯಿತು. ಅವಳಪ್ಪ ತಿಪ್ಪೇರುದ್ರಪ್ಪ ಮಗಳನ್ನು ಕಂಬಳಿಯಲ್ಲಿ ಸುತ್ತಿ ಯಾರದೋ ಟ್ರ್ಯಾಕ್ಟರಿನಲ್ಲಿ ಹೊಸದುರ್ಗದ ಆಸ್ಪತ್ರೆಗೆ ಒಯ್ದ. ಬಂದವರು ಉಪ್ಪಿಟ್ಟು ತಿಂದ ಕೈ ತೊಳೆದುಕೊಂಡು ಬಸ್ಸು ಹತ್ತಿದರು. ಆ ಗಂಡು ಮಾಡದಕೆರೆಯ ಹುಡುಗಿಯೊಬ್ಬಳನ್ನು ಮದುವೆಯಾದ. ನಮ್ಮ ಬೀದಿಗೂ ಲಗ್ನಪತ್ರಿಕೆ ಬಂದಿತ್ತು. ಮುಂದೆ ಕಾಳಕ್ಕನ ಅವ್ವ ಒಂದು ಗಂಡು ಹೆತ್ತು ತೀರಿಕೊಂಡಳು. ಆ ಕೂಸನ್ನು ಸಾಕಿದವಳು ಕಾಳಕ್ಕ. ಅವನ ಹೆಸರು ಪ್ರಭು.

ಇಷ್ಟು ಹೇಳಿದ್ದಕ್ಕೆ ಅವಳನ್ನು ದೇವತೆ ಅಂದುಕೊಳ್ಳಬೇಡಿ. ನಲ್ಲಿ ಹತ್ತಿರ ಜಗಳಕ್ಕೆ ನಿಂತರೆ ಗಂಡಸರೂ ಕೊಡ ಎತ್ತಿಕೊಂಡು ಹೋಗುತ್ತಾರೆ. ಅವಳ ಹಿತ್ತಿಲ ಕರಿಬೇವು ಒಂದು ಎಸಳು ಕೇಳಿದರೆ ಮುಖ ಸಿಂಡರಿಸುತ್ತಾಳೆ. ನನ್ನದು ಎದುರು ಮನೆ, ಜಗಲಿಯಲ್ಲೇ ಹೊಲಿಗೆ ಮಿಷನ್ನು. ಇಬ್ಬರೂ ಒಂದೇ ಓರಗೆಯವರು, ಎಷ್ಟು ಸಲ ಮಾತು ಬಿಟ್ಟು ಎಷ್ಟು ಸಲ ಕೂಡಿದ್ದೇವೋ ಲೆಕ್ಕವಿಲ್ಲ.

ಬೀದಿಗೆ ಇಳಿದರೆ ಅವಳ ಸೆರಗು ತಲೆ ಮೇಲಿಂದ ಎಡಗೆನ್ನೆಗೆ ಇಳಿಯುತ್ತದೆ, ಎಡಗೈ ಅದನ್ನು ಗಲ್ಲದ ಹತ್ತಿರ ಹಿಡಿದೇ ಇರುತ್ತದೆ. ಮನೆಯೊಳಗೆ, ಜಗಲಿಯಲ್ಲಿ ಮಾತ್ರ ಅವಳಿಗೆ ಸೆರಗಿಲ್ಲ. ಪ್ರಭುವಿನದು ಫ್ಲೆಕ್ಸ್ ಅಂಗಡಿ. ಊರಿನ ಹುಟ್ಟುಹಬ್ಬ, ತಿಥಿ, ಗೆದ್ದವರು, ಸೋತವರು ಎಲ್ಲರ ಮುಖವನ್ನೂ ಅಗಲ ಮಾಡಿ ಕಂಬಕ್ಕೆ ಕಟ್ಟಿಸಿದ್ದಾನೆ. ಅವನದೇ ಗೃಹಪ್ರವೇಶದ ಫ್ಲೆಕ್ಸಿನಲ್ಲಿ ಹೆಂಡತಿಯ ಚಿಕ್ಕಪ್ಪನ ಮಕ್ಕಳೂ ಇದ್ದರು, ಅಕ್ಕ ಇರಲಿಲ್ಲ. ಜಾಗ ಸಾಲಲಿಲ್ಲ ಅಂದ.

ಅವನ ಹೆಂಡತಿ ಅನುಷಾ ಹೊಸದುರ್ಗದಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಬೆಳಿಗ್ಗೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಮಗಳು ಲಾಸ್ಯ ಬೆಳೆದಿದ್ದೆಲ್ಲ ಅತ್ತೆ ಕಾಳಕ್ಕನ ಮಡಿಲಲ್ಲಿ. ನಾಲ್ಕು ವರ್ಷದ ಆ ಕೂಸಿಗೆ ನಿದ್ದೆ ಬರಬೇಕಾದರೆ ಒಂದು ಕೈ ಬೆರಳು ಬಾಯಲ್ಲಿ, ಇನ್ನೊಂದು ಕೈ ಅತ್ತೆಯ ಎಡಗೆನ್ನೆ ಮೇಲೆ ಇರಬೇಕು. ಬಲಗೆನ್ನೆ ಕೊಟ್ಟರೆ ಆಗದು. ಆ ಗೆರೆಗಳ ಮೇಲೆ ಬೆರಳಾಡಿಸುತ್ತಾ ಮಲಗುತ್ತಿತ್ತು. ಸುಟ್ಟ ಮೇಲೆ ಆ ಕೆನ್ನೆಯನ್ನು ಮುಟ್ಟಿದವರು ಡಾಕ್ಟರನ್ನು ಬಿಟ್ಟರೆ ಈ ಕೂಸೊಂದೇ. ಕಾಳಕ್ಕನ ಆಸ್ತಿ ಅಂತ ಇದ್ದದ್ದು ಅದೊಂದೇ. ಅದು ಹೇಗೆ ಹೋಯಿತು ಅಂತ ಹೇಳಲಿಕ್ಕೇ ನಾನು ಕೂತಿರುವುದು.

ಹೋದ ಅಕ್ಟೋಬರಿನಲ್ಲಿ ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ನನ್ನ ಜಗಲಿಗೆ ಬಂದರು. ಅನುಷಾಳ ಮೊಬೈಲಿನಲ್ಲಿ ಒಂದು ಫೋಟೋ. ಕರಿ ಫ್ರಾಕು, ಚೂಪು ಟೋಪಿ, ಕೈಯಲ್ಲಿ ಪೊರಕೆ.

"ಲಾಸ್ಯಂಗೆ ಇಂಥದ್ದೇ ಹೊಲಿರಿ ಜಯಕ್ಕ. ಬೆಂಗ್ಳೂರು ಕಡೆ ಒಂದು ಪಾರ್ಕೈತಲ್ಲ, ಅಲ್ಲಿ ಹ್ಯಾಲೋವೀನ್ ಮಾಡ್ತಾರೆ. ಎಲ್ರೂ ದೆವ್ವದ ವೇಷ ಹಾಕ್ಕಂಡು ಹೋಗ್ಬೇಕು."

ಸತ್ತವರಿಗೆ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಕಳಿಸಿ ಇನ್ನೂ ತಿಂಗಳು ತುಂಬಿರಲಿಲ್ಲ, ಇವರು ಮತ್ತೆ ಕರೆಯಲು ಹೊರಟಿದ್ದರು. ಎಳೇ ಕೂಸಿಗೆ ಮೈತುಂಬ ಕಪ್ಪು ಯಾತಕ್ಕೆ ಅಂದೆ. ಅನುಷಾ ನನ್ನನ್ನು ಕನಿಕರದಿಂದ ನೋಡಿದಳು. ನಾನು ಟೇಪು ತೆಗೆದು ಅಳತೆ ಹಿಡಿದೆ.

ಪ್ಲಾನು ಅಲ್ಲೇ ನಡೆಯಿತು. ಯಾರದೋ ಓಮ್ನಿ, ದಾರಿಗೆ ಚಿತ್ರಾನ್ನ, ಮೊದಲು ಮಕ್ಕಳ ರೈಲು, ಆಮೇಲೆ ಜಾರುಬಂಡೆ, ಕತ್ತಲಾದ ಮೇಲೆ ದೆವ್ವದ ಮೆರವಣಿಗೆ. ಕಾಳಕ್ಕ ಮನೆ ನೋಡಿಕೊಳ್ಳುವುದು ಅಂತ ತೀರ್ಮಾನವಾಗಿತ್ತು. ಅಷ್ಟರಲ್ಲಿ ಲಾಸ್ಯ ನೆಲಕ್ಕೆ ಕೂತುಬಿಟ್ಟಿತು. "ಅತ್ತೆ ಬರ್ಲಿಲ್ಲಾಂದ್ರೆ ನಾನೂ ಬರಲ್ಲ. ರೈಲಲ್ಲಿ ಅತ್ತೆ ತೊಡೆ ಮ್ಯಾಲೆ ಕುಂತ್ಕಬೇಕು."

ಪ್ರಭು ಮೊಬೈಲು ನೋಡುತ್ತಿದ್ದ. "ವೇಷ ಹಾಕಿದೋರಿಗೆ ಒಳಗೆ ಬಿಟ್ಟಿ ಬಿಡ್ತಾರಂತೆ. ಒಳ್ಳೇ ವೇಷಕ್ಕೆ ಪ್ರೈಜೂ ಐತೆ" ಅಂದ.

"ಹಂಗಾದ್ರೆ ಅಕ್ಕಂಗೂ ಏನಾದ್ರೂ ಹೊಲಿಸ್ಬೇಕಲ್ಲ" ಅಂದಳು ಅನುಷಾ.

"ನಮ್ಮಕ್ಕಂಗೆ ಯಾತಕ್ಕೆ ವೇಷ? ಸೆರಗು ತೆಗುದ್ರೆ ಆತು."

ಹೇಳಿ ನಕ್ಕ. ಅನುಷಾ "ಥೂ, ಏನ್ರೀ ನೀವು" ಅಂತ ಅವನ ಭುಜಕ್ಕೆ ಹೊಡೆದು ತಾನೂ ನಕ್ಕಳು. ಆಮೇಲೆ ಅವಳ ನಗು ನಿಂತಿತು. ಗಂಡನ ಮುಖವನ್ನೇ ನೋಡುತ್ತಾ, "ರೀ, ಪ್ರೈಜು ಐತೆ ಅಂದ್ರಲ್ಲ?" ಅಂದಳು.

ನನಗೆ ಮೈ ಉರಿದುಹೋಯಿತು. "ಲೇ ಪ್ರಭು, ನಿಮ್ಮವ್ವ ಸತ್ತಾಗ ನಿಂಗೆ ಹಾಲು ಕುಡಿಸಿ ಸಾಕಿದೋಳು ಅವ್ಳು. ನಾಚ್ಕೆ ಆಗಲ್ವೇನಪ್ಪ ನಿಂಗೆ?" ಅಂದೆ.

"ತಮಾಷಿಗಂದೆ ಕಣ್ ಜಯಕ್ಕ. ನೀನೊಬ್ಳು" ಅಂದು ಮಗುವನ್ನು ಹೆಗಲಿಗೆ ಏರಿಸಿಕೊಂಡು ಹೊರಟ.

ಮಾರನೇ ದಿನ ಮಧ್ಯಾಹ್ನ ಕಾಳಕ್ಕನೇ ಬಂದಳು. ಕಂಕುಳಲ್ಲಿ ಒಂದು ಹಸಿರು ಬಟ್ಟೆ. "ನಂಗೊಂದು ಬ್ಲೌಸ್ ಹೊಲಿಯೇ ಜಯ. ತೋಳಿಗೆ ಬಾರ್ಡರ್ ಇಡು" ಅಂದಳು. ಅವಳು ಬಾರ್ಡರ್ ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಕ್ಕಾಗಲಿಲ್ಲ. ಅವರು ಏನಂದರು, ಯಾತಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ, ಎಲ್ಲ ಹೇಳಿಬಿಟ್ಟೆ.

ಅವಳು ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಬಟ್ಟೆಯ ಮಡಿಕೆ ಬಿಚ್ಚಿ ನನ್ನ ಮುಂದೆ ಹರಡಿದಳು.

"ಗೊತ್ತು ಬಿಡೇ. ಆದ್ರೆ ಒಂದು ನೋಡು. ಅಲ್ಲಿ ಎಲ್ರೂ ಮುಖ ಕೆಡಿಸ್ಕಂಡೇ ಬರ್ತಾರಂತೆ. ನನ್ನ ಯಾರು ನೋಡ್ತಾರೆ? ಈ ಸೆರಗು ಹಿಡ್ದೂ ಹಿಡ್ದೂ ಎಡಗೈ ಸೋತೋಗೈತೆ. ಒಂದಿನ ಎಲ್ರಂಗೆ ಎರಡೂ ಕೈ ಬಿಟ್ಕಂಡು ಓಡಾಡ್ತೀನಿ. ಕೂಸಿನ ಎರಡೂ ಕೈ ಹಿಡ್ಕಂಡು ಆಡಿಸ್ತೀನಿ."

ಆಮೇಲೆ ಸ್ವಲ್ಪ ನಾಚಿಕೊಂಡು ಕೇಳಿದಳು. "ನಿನ್ನತ್ರ ದೊಡ್ಡ ಪಿನ್ನು ಇದ್ರೆ ಕೊಡೇ. ಸೆರಗು ಭುಜಕ್ಕೆ ಸಿಗಿಸ್ಕಂತೀನಿ. ಇಲ್ಲಾಂದ್ರೆ ಅಭ್ಯಾಸಬಲ, ಕೈ ತಾನೇ ಎಳ್ಕಂಬಿಡುತ್ತೆ."

ನನ್ನ ಡಬ್ಬಿಯಲ್ಲಿದ್ದ ಎಲ್ಲಕ್ಕಿಂತ ಗಟ್ಟಿ ಪಿನ್ನು ಹುಡುಕಿ ಕೊಟ್ಟೆ.

ಆಮೇಲಿನ ದಿನಗಳಲ್ಲಿ ಕಾಳಕ್ಕನದೇ ಒಂದು ತಯಾರಿ ನಡೆಯಿತು. ಕೂಸು ಮೊಬೈಲಿನಲ್ಲಿ ದೆವ್ವಗಳನ್ನು ನೋಡಿ ಹೆದರಿ ಕಿರುಚಿತ್ತು. ಅದರ ಹೆದರಿಕೆ ಬಿಡಿಸಲು ಇವಳು ದಿನಾ ಜಗಲಿಯಲ್ಲಿ ಕೂತು ತನ್ನ ಬಲಗೆನ್ನೆಗೆ, ಚೆನ್ನಾಗಿರುವ ಕೆನ್ನೆಗೆ, ಇದ್ದಿಲು ಬಳಿದುಕೊಳ್ಳುತ್ತಿದ್ದಳು. ನಾಲಿಗೆ ಚಾಚಿ "ಹೋ" ಅನ್ನುತ್ತಿದ್ದಳು. ಕೂಸು ಓಡಿದ ಮೇಲೆ ಕರೆದು, ಅದರ ಕೈಗೇ ಒದ್ದೆ ಬಟ್ಟೆ ಕೊಟ್ಟು ಒರೆಸಲು ಹೇಳುತ್ತಿದ್ದಳು.

"ನೋಡ್ದಾ? ಹೋತು. ದೆವ್ವ ಅಂದ್ರೆ ಬಣ್ಣ ಅಷ್ಟೇ ಕಣವ್ವ. ಒರಸಿದ್ರೆ ಹೋಗುತ್ತೆ. ಒಳಗೆ ಮನುಷ್ರೇ ಇರ್ತಾರೆ."

"ಒಳಗೆ ಮನುಷ್ರೇ ಇರ್ತಾರೆ" ಅಂತ ಕೂಸೂ ಒಪ್ಪಿಸುತ್ತಿತ್ತು. ಹೊರಡುವ ಹೊತ್ತಿಗೆ ಅದಕ್ಕೆ ಪಾಠ ಬಾಯಿಪಾಠವಾಗಿತ್ತು. ಇಂಥ ಗಟ್ಟಿ ಪಾಠವನ್ನು ಯಾವ ಕಾನ್ವೆಂಟಿನಲ್ಲೂ ಹೇಳಿಕೊಡುವುದಿಲ್ಲ.

ಹಸಿರು ಬ್ಲೌಸು, ಭುಜಕ್ಕೆ ಪಿನ್ನು, ತಲೆಗೆ ಹೂವು. ಸೆರಗಿಲ್ಲದ ಮುಖದಲ್ಲಿ ಕಾಳಕ್ಕ ಬೀದಿಯಲ್ಲಿ ನಿಂತು ಓಮ್ನಿ ಹತ್ತಿದ್ದನ್ನು ಇಡೀ ಕೇರಿ ನೋಡಿತು. ನನ್ನ ಕಡೆ ತಿರುಗಿ ಎರಡೂ ಕೈ ಎತ್ತಿ ಬೀಸಿದಳು.

ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಆದರೆ ಮಾರನೇ ಬೆಳಿಗ್ಗೆ ಅನುಷಾ ತಾನೇ ನನ್ನ ಜಗಲಿಗೆ ಬಂದು ವಿಡಿಯೋ ತೋರಿಸಿದಳು. ಅಷ್ಟು ಸಂತೋಷ ಅವಳಿಗೆ. ನೀಲಿ ದೀಪದ ಸ್ಟೇಜು. ಮೈಕು ಹಿಡಿದ ಒಬ್ಬ ಹುಡುಗ. ನಡುವೆ ಕಾಳಕ್ಕ, ಅವಳ ಎರಡೂ ಕೈಯಲ್ಲಿ ಲಾಸ್ಯಳ ಎರಡು ಕೈ. ಕೂಸಿನ ಫ್ರಾಕು ನೋಡಿ ಕರೆದಿದ್ದಾರೆ ಅಂದುಕೊಂಡಿರಬೇಕು, ಬಲಗಡೆಯಿಂದ ನಗುತ್ತಿದ್ದಳು.

"ಏನ್ ಆಂಟಿ, ನೋಡಿದ್ರೆ ಎದೆ ಝಲ್ ಅನ್ನುತ್ತೆ! ಈ ಮೇಕಪ್ ಮಾಡಿದ್ದು ಯಾರು?"

ಅನುಷಾ ಸ್ಟೇಜು ಹತ್ತಿ ಮೈಕು ಇಸಿದುಕೊಂಡಳು. "ನಾನೇ. ಹೊಸದುರ್ಗದಲ್ಲಿ ನನ್ನದೇ ಪಾರ್ಲರ್ ಇದೆ. ಬೆಳಿಗ್ಗೆಯಿಂದ ಕೂತು ಮಾಡಿದ್ದು."

ಚಪ್ಪಾಳೆ. ಹುಡುಗ ಮತ್ತೆ ಕಾಳಕ್ಕನ ಕಡೆ ತಿರುಗಿದ. "ಆಂಟಿ, ಇದನ್ನ ತೆಗೆದು ಒರಿಜಿನಲ್ ಮುಖ ತೋರಿಸ್ತೀರಾ?" ಕೆಳಗಿನಿಂದ ಜನ "ತೆಗಿ, ತೆಗಿ" ಅಂತ ಕೂಗಿದರು. ಕಾಳಕ್ಕನ ನಗು ನಿಂತಿತು. ಎಡಗೈ ಕೂಸನ್ನು ಬಿಟ್ಟು ಭುಜಕ್ಕೆ ಹೋಯಿತು. ಸೆರಗು ಎಳೆಯಿತು, ಬರಲಿಲ್ಲ. ಇನ್ನೊಮ್ಮೆ ಎಳೆಯಿತು. ನಾನು ಕೊಟ್ಟ ಪಿನ್ನು ಗಟ್ಟಿ ಇತ್ತು.

"ಇದು ನೀರಿಗೆ ಹೋಗಲ್ಲ ಸರ್. ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಹಚ್ಚಿ ತೆಗೀಬೇಕು" ಅಂದಳು ಅನುಷಾ. ಮೊದಲ ಬಹುಮಾನದ ಡಬ್ಬಿಯನ್ನು ಅವಳ ಕೈಗೇ ಕೊಟ್ಟರು. ಎಲ್ಲರೂ ಅದನ್ನು ನೋಡುತ್ತಿದ್ದರು. ಲಾಸ್ಯ ಮಾತ್ರ ಕತ್ತು ಮೇಲೆತ್ತಿ ಅತ್ತೆಯ ಮುಖವನ್ನೇ ನೋಡುತ್ತಿತ್ತು.

"ಹೆಂಗೈತೆ ಜಯಕ್ಕ?" ಅಂದಳು ಅನುಷಾ.

"ನಿನ್ನ ಮುಖಕ್ಕೆ ಬೆಂಕಿ ಬೀಳ" ಅಂದೆ. ಆ ಮನೆಯ ವಿಷಯದಲ್ಲಿ ಆಡಬಾರದ ಬೈಗುಳ ಅದು. ಬಾಯಿಗೆ ಬಂತು, ಆಡಿದೆ. ಅವಳು ಬಿರಬಿರನೆ ಹೋಗಿ ಬಸ್ಸು ಹತ್ತಿದಳು.

ಸ್ವಲ್ಪ ಹೊತ್ತಿಗೆ ಎದುರು ಜಗಲಿಗೆ ಕಾಳಕ್ಕ ಮೊರ ತಂದು ಅಕ್ಕಿ ಆರಿಸಲು ಕೂತಳು. ಒಳಗಿನಿಂದ ಲಾಸ್ಯ ಎಣ್ಣೆ ಬಾಟಲಿ ಅಪ್ಪಿಕೊಂಡು ಬಂತು. ಮೈ ಮೇಲೆ ಇನ್ನೂ ಅದೇ ಕರಿ ಫ್ರಾಕು. ಅದರ ಮುಖದಲ್ಲಿ ಹಬ್ಬದ ಖುಷಿ.

"ಅತ್ತೆ, ಈಗ ತೆಗಿಯಾಣ."

"ಏನವ್ವ?"

"ಮೇಕಪ್ಪು. ಎಣ್ಣೆ ಹಚ್ಚಿದ್ರೆ ಹೋಗುತ್ತೆ, ಅಮ್ಮ ಹೇಳ್ತಲ್ಲ."

ಕಾಳಕ್ಕ ಮೊರ ಕೆಳಗಿಟ್ಟಳು. ಬಯ್ಯಬಹುದಿತ್ತು, ಎದ್ದು ಹೋಗಬಹುದಿತ್ತು. ಅವಳು ಮುಖ ಕೊಟ್ಟು ಕೂತಳು. ಕೂಸು ಮಡಿಲು ಹತ್ತಿ ಅಂಗೈ ತುಂಬ ಎಣ್ಣೆ ಸುರಿದು ಎಡಗೆನ್ನೆಗೆ ತಿಕ್ಕಿತು. ಮೊದಲು ಮೆತ್ತಗೆ, ಆಮೇಲೆ ಜೋರಾಗಿ. ಫ್ರಾಕಿನ ಅಂಚು ಹಿಡಿದು ತಿಕ್ಕಿತು. ಉಗುರು ಹಾಕಿ ಕೆರೆಯಿತು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನಾನು ಮಿಷನ್ನು ಬಿಟ್ಟು ಎದ್ದೆ. ಕಾಳಕ್ಕ ಬೇಡ ಅಂತ ಕೈ ಮಾಡಿದಳು.

"ಹೋಗ್ತಿಲ್ಲ" ಅಂತ ಕೂಸು ಅಳಲು ಶುರು ಮಾಡಿತು. "ನೀನೇ ಹೇಳಿದ್ಯಲ್ಲ, ಒರಸಿದ್ರೆ ಹೋಗುತ್ತೆ, ಒಳಗೆ ಮನುಷ್ರು ಇರ್ತಾರೆ ಅಂತ. ಒಳಗಿರೋ ಅತ್ತೆ ಎಲ್ಲಿ?"

"ನಾನೇ ಕಣವ್ವ ನಿಮ್ಮತ್ತೆ. ಇದೇ ನನ್ನ ಮುಖ. ದಿನಾ ಕೈ ಇಟ್ಕಂಡು ಮಲಗಲ್ವಾ ನೀನು?" ಅಂತ ಅದರ ಕೈ ತೆಗೆದು ಕೆನ್ನೆ ಮೇಲೆ ಇಟ್ಟುಕೊಂಡಳು.

ಕೂಸು ಕೈ ಕಿತ್ತುಕೊಂಡಿತು. ಎಣ್ಣೆ ಕೈಯನ್ನು ಫ್ರಾಕಿಗೆ ಒರೆಸಿಕೊಳ್ಳುತ್ತಾ, ಮತ್ತೆ ಮತ್ತೆ ಒರೆಸಿಕೊಳ್ಳುತ್ತಾ ಹಿಂದೆ ಹಿಂದೆ ಸರಿದು ಒಳಕ್ಕೆ ಓಡಿತು. ಅಲ್ಲಿಂದ ಅದು ಅಪ್ಪನಿಗೆ ಹೇಳುತ್ತಿದ್ದದ್ದು ನನ್ನ ಜಗಲಿಗೂ ಕೇಳಿಸಿತು.

"ಅಪ್ಪಾ, ಇದು ನಮ್ಮತ್ತೆ ಅಲ್ಲ. ನಮ್ಮತ್ತೇನ ಅಲ್ಲೇ ಬಿಟ್ಟು ಬಂದೀವಿ. ಹೋಗಾಣಪ್ಪ, ಕರ್ಕಂಬರಾಣ."

ಪ್ರಭು ನಕ್ಕ. ಮಕ್ಕಳ ಮಾತು ಅಂತ ಆ ವಾರವೆಲ್ಲ ಅಂಗಡಿಗೆ ಬಂದವರಿಗೆ ಹೇಳಿಕೊಂಡು ನಕ್ಕ.

ಕೂಸು ಈಗ ಅಮ್ಮನ ಪಕ್ಕ ಮಲಗುತ್ತದೆ. ಕಾಳಕ್ಕ ಉಣ್ಣಿಸಲು ಹೋದರೆ ತಟ್ಟೆ ಕಸಿದುಕೊಂಡು ಗೋಡೆ ಕಡೆ ತಿರುಗುತ್ತದೆ. ಪ್ರಭು ಹೆಂಡತಿಯ ಪಾರ್ಲರಿಗೆ ಹೊಸ ಫ್ಲೆಕ್ಸು ಮಾಡಿಕೊಟ್ಟಿದ್ದಾನೆ. ಮೊದಲ ಬಹುಮಾನ ಪಡೆದ ಮೇಕಪ್ಪು ಅಂತ ಬರೆದು ಅಕ್ಕನ ಮುಖ ಹಾಕಿದ್ದಾನೆ, ಬಾಗಿಲಿನಷ್ಟು ಎತ್ತರಕ್ಕೆ. ಈ ಸಲ ಜಾಗ ಸಾಲಲಿಲ್ಲ ಅನ್ನಲಿಲ್ಲ.

ಮೊನ್ನೆ ಕಾಳಕ್ಕ ನನ್ನ ಜಗಲಿಗೆ ಬಂದು ಕೂತಳು. ನನ್ನೆದುರು ಯಾವತ್ತೂ ಮುಖ ಮುಚ್ಚಿದವಳಲ್ಲ; ಅವತ್ತು ಸೆರಗು ಗಲ್ಲದವರೆಗೂ ಇತ್ತು. ಮಡಿಲಿಂದ ಪಿನ್ನು ತೆಗೆದು ನನ್ನ ಡಬ್ಬಿಗೆ ಹಾಕಿದಳು.

"ಇಟ್ಕಳೇ, ಯಾವಾಗಾದ್ರೂ ಬೇಕಾಗುತ್ತೆ" ಅಂದೆ.

"ಬ್ಯಾಡ ಕಣೇ. ಈಗ ಮನೇಲೂ ಸೆರಗು ಹಾಕ್ಕಂತೀನಿ. ಕೂಸು ಹೆದರ್ಕಳುತ್ತೆ" ಅಂದಳು.