ಕತ್ತು ಹಿಡಿದ ಕೈ

ಮುಧೋಳದ ಕಡೆ ಅಮರಯ್ಯನೆಂದರೆ ತೋಳಗಳಿಗೂ ಗೊತ್ತಿದ್ದ ಹೆಸರು. ಎರಡೇ ಬೇಟೆನಾಯಿ ಕಟ್ಟಿಕೊಂಡು, ಊರ ಕುರಿಹಟ್ಟಿಗೆ ನುಗ್ಗಿದ ತೋಳಗಳನ್ನು ಹಳ್ಳದಾಚೆ ಅಟ್ಟಿದವ ಅವನು. ಅವನ ಮಗ ಗುರುಸಿದ್ದಪ್ಪ, ಹೆಂಡತಿಗೆ ಹೊಡೆಯುವವನ ಮನೆಗೆ ಒಂದು ನಾಯಿಮರಿಯನ್ನೂ ಕೊಟ್ಟವನಲ್ಲ; ಅಂಥವರೇ ಆದ ದೇಸಾಯರ ಆಳು ಮರಿ ಕೇಳಿ ಬಂದಾಗಲೂ ಬರಿಗೈಯಲ್ಲಿ ಕಳಿಸಿದ. ಆ ಗುರುಸಿದ್ದಪ್ಪನ ಮೊಮ್ಮಗಳು ಕುಮುದಾ. ಅಜ್ಜನಿಂದ ಅವಳು ಕಲಿತದ್ದು ಒಂದು ಪರೀಕ್ಷೆ: ಮರಿಯ ಕತ್ತಿನ ತೊಗಲು ಹಿಡಿದು ಎತ್ತಬೇಕು. ಕುಂಯ್ ಎನ್ನದೆ ಕಾಲು ಮಡಚಿಕೊಂಡರೆ ಅದು ಗಟ್ಟಿ ಜೀವ.

ಅರವತ್ತೇಳನೆಯ ವಯಸ್ಸಿನಲ್ಲಿ ಆ ಪರೀಕ್ಷೆಯೇ ಅವಳ ಕೈಯಲ್ಲಿ ರಕ್ತ ಹರಿಸಿತು.

ಗಂಡ ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ಕೊಂಡ ಕೂಕಟ್‌ಪಲ್ಲಿಯ ನೆಲಮಹಡಿಯ ಫ್ಲಾಟು, ಅವನು ಹೋದ ಮೇಲೆ ಭಣಗುಡುತ್ತಿತ್ತು. ಅದೇ ಊರಿನ ಗಚ್ಚಿಬೌಲಿಯಲ್ಲಿದ್ದ ತಂಗಿಯ ಮಗ ಕೌಶಲ್, ತಳಿಯ ಕಾಗದಪತ್ರವಿರುವ ಲ್ಯಾಬ್ರಡಾರ್ ಮರಿ ಕೊಡಿಸುತ್ತೇನೆಂದು ಬೆನ್ನುಬಿದ್ದಿದ್ದ.

"ಅದು ಮುದಿ ಆಗೂತನಕ ನಾ ಇರತೀನೇನು? ಆಮ್ಯಾಲ ಅದರ ಪಾಡೇನು?" ಎಂದು ಕುಮುದಾ ಬೀದಿನಾಯಿಗಳ ಆಶ್ರಯದಲ್ಲಿದ್ದ ಆರು ವರ್ಷದ ಕಂದು ಹೆಣ್ಣು ನಾಯಿಯನ್ನು ಆರಿಸಿದಳು.

"ಬೇಟೆನಾಯಿ ಮನೆತನದಾಕಿ ಬೀದಿನಾಯಿ ತರತಿ," ಎಂದು ಕೌಶಲ್ ಕೊಂಕು ತೆಗೆದ. "ಮುತ್ತಜ್ಜ ಇದ್ದಿದ್ರ ಮೀಸಿ ಬೋಳಿಸ್ಕೊಂತಿದ್ದ."

ಆ ಮಾತು ಅವಳಿಗೆ ನಾಟಿತ್ತು. ಸಂಜೆ ಆಶ್ರಯದಲ್ಲಿ ಕೆಲಸಕ್ಕಿದ್ದ ಹುಡುಗಿ ಲಹರಿ ನಾಯಿಯನ್ನು ತಂದು ಅಂಗಳದಲ್ಲಿ ಇಳಿಸಿದ್ದೇ ತಡ, "ನೋಡು, ಜೀವ ಎಷ್ಟು ಗಟ್ಟಿ ಐತಿ," ಎನ್ನುತ್ತ ಕೌಶಲನೆದುರೇ ಅದರ ಕತ್ತಿಗೆ ಕೈ ಹಾಕಿದಳು. ಬೆರಳಿಗೆ ಸಿಕ್ಕಿದ್ದು ತೊಗಲಲ್ಲ, ಕೂದಲಡಿ ಹಗ್ಗದಷ್ಟು ದಪ್ಪಗೆ ಮಾದ ಗಾಯ. ನಾಯಿ ಚೀರಿ, ಅವಳ ಬಲಗೈ ಕಚ್ಚಿ, ನೀರಿನ ಡ್ರಮ್ಮಿನ ಹಿಂದೆ ಸೇರಿತು.

ಲಹರಿ ಮೈಸೂರಿನವಳು, ಮೆತ್ತಗೆ ಮಾತಾಡುವವಳು. ಕುಮುದಾಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಬಹಳ ಹೊತ್ತು ತೊಳೆದಳು. "ಇವಳಿಗೆ ಇಂಜೆಕ್ಷನ್ ಎಲ್ಲ ಆಗಿದೆ. ಆದ್ರೂ ನೀವು ಹಾಕಿಸ್ಕೊಳ್ಳಲೇಬೇಕು ಅಮ್ಮಾ. ಮತ್ತೆ... ಮೊದಲ ದಿನವೇ ಕಚ್ಚಿದ್ರೆ ವಾಪಸ್ ಒಯ್ಯಬೇಕು ಅಂತ ನಮ್ಮ ನಿಯಮ. ಕಚ್ಚೋ ನಾಯಿ ಅಂತ ಬರೆದ್ಮೇಲೆ ಇವಳನ್ನ ಯಾರೂ ಕೇಳಲ್ಲ."

"ಬರಿಯೂದಾದ್ರ ಪೂರಾ ಬರಿ, ತಂಗಿ," ಎಂದಳು ಕುಮುದಾ. "ಯಾರೋ ಉರುಳು ಹಾಕಿದ್ದ ಜಾಗದಾಗ ಈ ಮುದುಕಿ ಕೈ ಹಾಕಿದ್ಳು ಅಂತ ಬರಿ."

ಲಹರಿ ಡ್ರಮ್ಮಿನತ್ತ ನೋಡಿದಳು. "ಕತ್ತಲಾಗೋದ್ರೊಳಗೆ ತಾನಾಗೇ ನಿಮ್ಮ ಹತ್ರ ಬಂದ್ರೆ ಬಿಟ್ಟು ಹೋಗ್ತೀನಿ. ಇಲ್ಲಾಂದ್ರೆ ಇಲ್ಲ."

ಕುಮುದಾ ನೆಲಕ್ಕೆ ಕೂತು, ಎಡ ಅಂಗೈ ಮೇಲೆ ಜೋಳದ ರೊಟ್ಟಿಯ ಚೂರಿಟ್ಟು ನೆಲಕ್ಕೆ ತಾಗಿಸಿದಳು. ಮುಖ ಗೋಡೆಯ ಕಡೆ ತಿರುಗಿಸಿದಳು. ನೊಂದ ನಾಯಿಯ ಕಣ್ಣಲ್ಲಿ ಕಣ್ಣಿಡಬಾರದೆಂದು ಅಜ್ಜ ಹೇಳಿದ್ದ. ಪರೀಕ್ಷೆ ನೆನಪಿಟ್ಟವಳು ಇದನ್ನು ಮರೆತಿದ್ದಳು.

ಮೇಲಿನ ಮನೆಯ ಕುಕ್ಕರ್ ಕೂಗಿತು. ಡ್ರಮ್ಮಿನ ಹಿಂದೆ ಗುರ್ರೆಂಬ ಸದ್ದು. ಕೌಶಲ್ ಮೂಲೆಯಲ್ಲಿದ್ದ ಕೋಲು ಎತ್ತಿಕೊಂಡ; ಅದು ನೆಲಕ್ಕೆ ತಾಗಿ ಸದ್ದಾಯಿತು.

"ಇಡು ಅದನ್ನ," ಎಂದಳು ಕುಮುದಾ, ತಿರುಗಿ ನೋಡದೆ.

"ದೊಡ್ಡವ್ವಾ, ಇನ್ನೊಮ್ಮಿ ಕಚ್ಚಿದ್ರ?"

"ಕೋಲು ಕಂಡ್ರ ಕಚ್ಚತೈತಿ. ಇಡು."

ಕೋಲು ನೆಲ ಮುಟ್ಟಿತು. ಅಂಗಳದ ಬಿಸಿಲು ಗೋಡೆ ಹತ್ತಿ, ಗೋಡೆಯಿಂದಲೂ ಇಳಿದುಹೋಯಿತು. ಬಲಗೈ ಉರಿಯುತ್ತಿತ್ತು, ಎಡಗೈ ಜೋಮು ಹಿಡಿದಿತ್ತು. ಲಹರಿ ಎರಡು ಸಲ ಆಕಾಶ ನೋಡಿದಳು. ಕುಮುದಾ ಅಲುಗಲಿಲ್ಲ.

ಆಮೇಲೆ ಸಿಮೆಂಟಿನ ಮೇಲೆ ಉಗುರು ಗೀಚಿದ ಸಪ್ಪಳ. ನಾಯಿ ಹೊಟ್ಟೆ ಎಳೆಯುತ್ತ ಒಂದು ಮೊಳ ಬಂತು, ನಿಂತಿತು, ಮತ್ತೆ ಒಂದು ಮೊಳ. ಅವಳ ಅಂಗೈಗೆ ಬಿಸಿ ಉಸಿರು ತಾಗಿತು. ಹಲ್ಲು ತಾಗಲಿಲ್ಲ. ರೊಟ್ಟಿ ಹೋಯಿತು, ಬರಿದಾದ ಅಂಗೈಯನ್ನು ನಾಲಿಗೆ ಇನ್ನೂ ನೆಕ್ಕುತ್ತಲೇ ಇತ್ತು.

ಲಹರಿ ಹಗ್ಗ ತಂದು ಕೊಟ್ಟಳು. ಅದನ್ನು ಕತ್ತಿಗಲ್ಲ, ಆಶ್ರಯದವರು ನಾಯಿಯ ಎದೆಗೆ ಕಟ್ಟಿದ್ದ ಪಟ್ಟಿಗೆ ಸಿಕ್ಕಿಸಿ ಕುಮುದಾ ಗೋಡೆ ಹಿಡಿದು ಎದ್ದಳು. ಕೌಶಲ್ ಓಡಿ ಬಂದ.

"ಹಗ್ಗ ಇತ್ತ ಕೊಡು, ದೊಡ್ಡವ್ವಾ. ಲಹರಿ ಇದನ್ನ ನೋಡ್ಕೊಂತಾರ. ನೀ ಕಾರ್ ಹತ್ತು, ದವಾಖಾನಿಗೆ ಕರ್ಕೊಂಡು ಹೋಗ್ತೀನಿ."

"ಬ್ಯಾಡೋ. ದವಾಖಾನಿ ಈ ಓಣಿ ತುದೀಗೆ ಐತಿ. ಕಚ್ಚಿಸ್ಕೊಂಡಾಕಿ ನಾ, ಕಚ್ಚಿದಾಕಿ ಇಕಿ. ಇಬ್ರೂ ನಡಕೊಂತ ಹೋಗ್ತೀವಿ. ನೀ ದಾರಿ ಬಿಡು, ಸಾಕು."