ಸಾಹೇಬರ ಬೂಟು ಬಿಚ್ಚಿಸಿದ ಡೈನೋಸಾರ್

ಗೆಳೆಯರೇ, ಇಂದು ಬನಹಟ್ಟಿಯ ವಿಜ್ಞಾನ ಪ್ರದರ್ಶನದಲ್ಲಿ ನನ್ನ ಮಗಳು ಅದನ್ನು ನೋಡಲು ಬಂದ ದೊಡ್ಡ ಸಾಹೇಬರನ್ನೇ ತಡೆದಳು. ನಮ್ಮ ಹಳೆಯ ಕೈಮಗ್ಗ ಬಿಚ್ಚಿ ಅವಳೊಂದು ಡೈನೋಸಾರ್ ಮಾಡಿದ್ದಾಳೆ. ಮಗ್ಗದ ಕೆಳಗಿನ ಹಲಗೆ ತುಳಿದರೆ ಅದು ಕುತ್ತಿಗೆ ಎತ್ತಿ ಬಾಯಿ ತೆರೆಯುತ್ತದೆ.

ಸಾಹೇಬರು ತುಳಿಯಲು ಕಾಲೆತ್ತಿದರು.

"ಬೂಟ ತಗೀರಿ ಸರ್. ಮಗ್ಗಕ್ಕ ಬೂಟ ತಾಗಸಬಾರದು."

"ಇದು ಪ್ರಾಣಿ ಐತಲ್ಲವಾ?"

"ಪ್ರಾಣಿ ಆಗಿದ್ದು ಮೊನ್ನೆರಿ. ನಮ್ಮಜ್ಜನ ಕಾಲದಿಂದ ಮಗ್ಗನ ಐತಿ."

ಸಾಹೇಬರು ಹಿಂದೆಮುಂದೆ ನೋಡಿ ಬೂಟು ಬಿಚ್ಚಿ ತುಳಿದರು. ಕುತ್ತಿಗೆ ಸರ್ರನೆ ಎದ್ದಿತು.

"ಈ ಹಲಗಿಗೆ ಸನ್ನೆಕೋಲು ಅಂತಾರ್ರಿ," ಎಂದಳು ಮಗಳು. ಜೀವನವಿಡೀ ಅದನ್ನೇ ತುಳಿದ ನನಗೆ ಆ ಹೆಸರು ತಿಳಿದದ್ದು ಇಂದೇ!

ಸಾಹೇಬರು ಹಿಂಜರಿದದ್ದೇಕೆಂದೂ ತಿಳಿಯಿತು: ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ತೂತುಬಿದ್ದ ಕಾಲುಚೀಲ ಹಾಕಿಕೊಂಡು ನೇಕಾರರ ಊರಿಗೆ ಯಾರಾದರೂ ಬರುತ್ತಾರೆಯೇ, ನೀವೇ ಹೇಳಿ.