ಮುಚ್ಚಿದ ವಾಲ್ವ್ ತೆಗೆದ ಕೈ

ದೆವ್ವ, ಭೂತ, ಒಬ್ಬರೇ ಎರಡು ಕಡೆ ಕಾಣಿಸಿಕೊಳ್ಳುವುದು, ಇಂಥವನ್ನು ನಾನು ನಂಬಿದವಳಲ್ಲ. ನಂಬುವವರನ್ನು ಕಂಡರೆ ಮುಖದ ಮೇಲೆಯೇ ನಗುತ್ತಿದ್ದೆ. ಇಪ್ಪತ್ತು ವರ್ಷಗಳಿಂದ ಹರಿಹರದಲ್ಲಿ ದನ, ಆಡು, ನಾಯಿ, ಬೆಕ್ಕುಗಳಿಗೆ ಚಿಕಿತ್ಸೆ ಕೊಡುತ್ತಿರುವ ಪಶುವೈದ್ಯೆ ನಾನು. ಎಮ್ಮೆಗೆ ಯಾರದೋ ಕಣ್ಣು ತಾಗಿ ಹಾಲು ನಿಂತಿದೆ ಎಂದು ಬಂದವರಿಗೆ ಕೆಚ್ಚಲಿನ ಬಾವು ತೋರಿಸಿ, ಇಂಜೆಕ್ಷನ್ ಚುಚ್ಚಿ, ಜೊತೆಗೆ ನಾಲ್ಕು ಮಾತು ಬೈದು ಕಳಿಸಿದ್ದೇನೆ. ಆದ್ದರಿಂದ ಈಗ ಹೇಳಲಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಇದರಲ್ಲಿ ನನ್ನ ನಾಚಿಕೆಯ ಮಾತೂ ಒಂದಿದೆ. ಅದನ್ನು ಬಿಟ್ಟು ಹೇಳಿದರೆ ಸುಮ್ಮನೆ ಸೋಜಿಗದ ಸಂಗತಿಯಾಗಿ ಕೇಳಲು ಚೆನ್ನಾಗಿರುತ್ತದೆ. ಬಿಡದೆ ಹೇಳುತ್ತೇನೆ.

ಗಿರಿಜಾ ಕುಕ್ಕುವಾಡದ ಹುಡುಗಿ. ಪಶುವೈದ್ಯ ಪದವಿ ಮುಗಿಸಿದ ವರ್ಷವೇ ನನ್ನ ಕ್ಲಿನಿಕ್ಕಿಗೆ ಕೆಲಸ ಕಲಿಯಲು ಬಂದಳು. ನಾಯಿಯ ಮುಂಗಾಲಿನ ರಕ್ತನಾಳಕ್ಕೆ ಸೂಜಿ ಹಾಕುವುದನ್ನು ಅವಳಿಗೆ ತೋರಿಸಿಕೊಟ್ಟವಳು ನಾನು. ಮೊದಲ ದಿನ ಮೂರು ಸಲ ಸೂಜಿ ತಪ್ಪಿಸಿ, ಹಿಂದಿನ ಕೋಣೆಗೆ ಹೋಗಿ ಅತ್ತಿದ್ದಳು. ಎರಡು ವರ್ಷ ನನ್ನ ಹತ್ತಿರ ಇದ್ದು, ಆಮೇಲೆ ಹೊರ ರಾಜ್ಯಕ್ಕೆ ಹೋಗಿ ತುರ್ತು ಚಿಕಿತ್ಸೆ, ಅರಿವಳಿಕೆ ಎಂದು ಏನೇನೋ ಕಲಿತು ಬಂದು ದಾವಣಗೆರೆಯಲ್ಲಿ ಆಸ್ಪತ್ರೆ ತೆರೆದಳು. ಹರಿಹರದ ಜನ ತಮ್ಮ ನಾಯಿಗಳನ್ನು ಕಾರಿನಲ್ಲಿ ಕೂಡಿಸಿಕೊಂಡು ನನ್ನ ಬೋರ್ಡಿನ ಮುಂದೆಯೇ ಹಾದು ಅವಳ ಹತ್ತಿರ ಹೋಗತೊಡಗಿದರು.

ನನಗೆ ಹೊಟ್ಟೆ ಉರಿಯಿತು. ಬೇರೆ ಯಾವ ಒಳ್ಳೆಯ ಹೆಸರೂ ಅದಕ್ಕೆ ಇಡಲಾರೆ. ಅವಳ ತಪ್ಪು ಏನಾದರೂ ಇದ್ದಿದ್ದರೆ ಬೈದು ಹಗುರಾಗುತ್ತಿದ್ದೆ. ಅವಳೋ ಹಬ್ಬ ಬಂತೆಂದರೆ ಹೋಳಿಗೆ ಕಳಿಸುವಳು, ಸಿಕ್ಕಲ್ಲಿ 'ನಮ್ಮ ಮೇಡಂ' ಎಂದು ಪರಿಚಯ ಮಾಡಿಸುವಳು. ಆ ಹೋಳಿಗೆಯನ್ನು ನಾನು ಒಂದು ಸಲವೂ ಬಾಯಿಗಿಡದೆ ಪಕ್ಕದ ಮನೆಗೆ ಕೊಟ್ಟುಬಿಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಪಶುವೈದ್ಯರಿಗೆಂದು ದಾವಣಗೆರೆಯಲ್ಲಿ ಮೂರು ದಿನದ ತರಬೇತಿ ಇಟ್ಟರು. ಅಪಘಾತವಾದ ಪ್ರಾಣಿಯನ್ನು ಉಳಿಸುವುದು ಹೇಗೆ, ಅರಿವಳಿಕೆಯನ್ನು ಅಪಾಯವಿಲ್ಲದೆ ಕೊಡುವುದು ಹೇಗೆ ಎಂಬುದು ವಿಷಯ. ಕಲಿಸುವವಳು ಗಿರಿಜಾ, ಕಲಿಯುವವರ ಪಟ್ಟಿಯಲ್ಲಿ ನಾನು. ಹೋಗಬಾರದು ಎಂದುಕೊಂಡೆ. ಆದರೆ ಬರೀ ಇಂಜೆಕ್ಷನ್ ಅರಿವಳಿಕೆ ಕೊಟ್ಟು ಮೇಜಿನ ಮೇಲೆಯೇ ನಾಯಿಗಳನ್ನು ಕಳೆದುಕೊಂಡ ನೆನಪು ನನಗೂ ಇತ್ತು. ಜೊತೆಗೆ, ಇವಳು ಅದೇನು ಕಲಿಸುತ್ತಾಳೋ ನೋಡಿಯೇ ಬಿಡೋಣ ಎಂಬ ಕೆಟ್ಟ ಕುತೂಹಲ. ಬಸ್ಸು ಹತ್ತಿದೆ.

ಮೊದಲ ದಿನ ರಬ್ಬರಿನ ನಾಯಿ. ನಿಂತ ಹೃದಯವನ್ನು ಮತ್ತೆ ನಡೆಸುವುದಕ್ಕೆ ಅದರ ಎದೆಯನ್ನು ಲಯವಾಗಿ ಒತ್ತಬೇಕು. ತಲೆ ನೆರೆತ ಡಾಕ್ಟರುಗಳೆಲ್ಲ ಸಾಲಾಗಿ ನಿಂತು ಬೆವರು ಸುರಿಸುತ್ತ ಒತ್ತಿದೆವು. ಗಿರಿಜಾ ಒಬ್ಬೊಬ್ಬರನ್ನೇ ತಿದ್ದುತ್ತ ಬಂದು ನನ್ನ ಮೊಣಕೈ ಹಿಡಿದು ನೆಟ್ಟಗೆ ಮಾಡಿದಳು. ಅವಳು ತಿದ್ದಿದ್ದು ಸರಿಯಾಗಿಯೇ ಇತ್ತು. ಆ ರಾತ್ರಿ ಅನ್ನ ಸೇರಲಿಲ್ಲ.

ಎರಡನೆಯ ದಿನ ನಿಜವಾದ ಶಸ್ತ್ರಚಿಕಿತ್ಸೆ. ಅದಕ್ಕೆ ನಾಯಿ ಒದಗಿಸಿದವಳು ನಾನೇ. ಗುತ್ತೂರಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಹಾಲಮ್ಮನ ನಾಯಿ ಚಿನ್ನಿಗೆ ನಾಲ್ಕು ದಿನದ ಹಿಂದೆ ಗೂಡ್ಸ್ ಆಟೋ ಬಡಿದು ಹಿಂಗಾಲಿನ ತೊಡೆಮೂಳೆ ಮುರಿದಿತ್ತು. ನಸುಕಿನಲ್ಲಿ ಹಾಲಮ್ಮ ಕೆಲಸಕ್ಕೆ ನಡೆದು ಹೋಗುವಾಗ ಅದು ಜೊತೆಗೆ ಹೋಗಿ, ಸಂಜೆಯವರೆಗೆ ಗೇಟಿನ ಹತ್ತಿರ ಕಾದು, ಮತ್ತೆ ಜೊತೆಗೇ ಬರುವ ನಾಯಿ. ಮೂಳೆಗೆ ಪ್ಲೇಟು ಹಾಕುವ ಸೌಕರ್ಯ ನನ್ನಲ್ಲಿರಲಿಲ್ಲ. ತರಬೇತಿಗೆ ಒಂದು ಕೇಸು ಬೇಕೆಂದು ಗಿರಿಜಾ ಕೇಳಿದಾಗ ಇದನ್ನೇ ಒಪ್ಪಿಸಿದೆ. ಹಾಲಮ್ಮನಿಗೆ ದಾವಣಗೆರೆಯ ಡಾಕ್ಟರು ಯಾರು ಏನು ಒಂದೂ ಗೊತ್ತಿರಲಿಲ್ಲ. ಬಾಗಿಲ ಹೊರಗೆ ನಾಯಿಯನ್ನು ನನ್ನ ಕೈಗೆ ಕೊಡುವಾಗ ಒಂದೇ ಮಾತು ಕೇಳಿದಳು.

"ನೀವು ಒಳಗ ಇರ್ತೀರಲ್ರಿ ಮೇಡಂ? ನೀವು ಇದ್ರ ನಂಗೆ ಸಾಕ್ರಿ."

ಇರುತ್ತೇನೆ ಎಂದೆ.

ಇಲ್ಲಿ ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ನಾಯಿಯ ಗಂಟಲಿಗೆ ಇಳಿಸಿದ ಕೊಳವೆ ಅರಿವಳಿಕೆಯ ಮಷೀನಿಗೆ ಸೇರಿರುತ್ತದೆ. ಮಷೀನಿನ ಪಕ್ಕದಲ್ಲಿ ಒಂದು ರಬ್ಬರ್ ಚೀಲ. ನಾಯಿ ಉಸಿರಾಡಿದಂತೆಲ್ಲ ಅದು ಉಬ್ಬಿ ಇಳಿಯುತ್ತದೆ. ಹೆಚ್ಚಾದ ಗಾಳಿ ಹೊರಗೆ ಹೋಗಲು ಮೇಲೊಂದು ತಿರುಗಿಸುವ ವಾಲ್ವ್. ನಡುನಡುವೆ ನಾವೇ ಒಂದು ದೊಡ್ಡ ಉಸಿರು ಕೊಡಬೇಕಾದಾಗ ಈ ವಾಲ್ವ್ ಮುಚ್ಚಿ, ಚೀಲ ಒತ್ತಿ, ಕೂಡಲೇ ತೆರೆಯಬೇಕು. ತೆರೆಯಲು ಮರೆತರೆ ಗಾಳಿಗೆ ಹೊರದಾರಿ ಇರುವುದಿಲ್ಲ. ಚೀಲ ಉಬ್ಬುತ್ತ ಹೋಗುತ್ತದೆ, ಒಳಗೆ ಶ್ವಾಸಕೋಶವೂ ಉಬ್ಬುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹೃದಯ ನಿಲ್ಲುತ್ತದೆ. ನುರಿತವರ ಕೈಯಲ್ಲೂ ಆಗುವ ತಪ್ಪಿದು. ಅದಕ್ಕೇ ಗಿರಿಜಾ ಮೊದಲ ದಿನವೇ ಹೇಳಿಕೊಟ್ಟಿದ್ದಳು: ವಾಲ್ವ್ ಮುಚ್ಚಿದ ಕೈಯನ್ನು ಅದನ್ನು ತೆರೆಯುವವರೆಗೆ ಅಲ್ಲಿಂದ ತೆಗೆಯಬಾರದು.

ಕೋಣೆ ತುಂಬಿತ್ತು. ಸರ್ಜನ್ ಚಿನ್ನಿಯ ಕಾಲಿನ ಮೇಲೆ ಬಗ್ಗಿದ್ದರು. ತಲೆಯ ಕಡೆ, ಮಷೀನಿನ ಪಕ್ಕ ಗಿರಿಜಾ. ಅವಳ ಎದುರು ಮಂಜುನಾಥ ಎಂಬ ಯುವ ಡಾಕ್ಟರು, ಐದೈದು ನಿಮಿಷಕ್ಕೊಮ್ಮೆ ಉಸಿರು, ನಾಡಿ, ಒಸಡಿನ ಬಣ್ಣ ನೋಡಿ ಹಾಳೆಯಲ್ಲಿ ಬರೆಯುವ ಕೆಲಸ ಅವರದು. ಪಾಠ ಎಲ್ಲರಿಗೂ ಕೇಳಿಸಲಿ ಎಂದು ಮಾನಿಟರಿನ ಸದ್ದು ಅಡಗಿಸಿದ್ದರು. ನಾನು ಏಳೆಂಟು ಹೆಜ್ಜೆ ಹಿಂದೆ ಗೋಡೆಗೆ ಒರಗಿ, ಎರಡೂ ಕೈಯಲ್ಲಿ ಸಲಕರಣೆಯ ದೊಡ್ಡ ಟ್ರೇ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಜಗಳೂರಿನಿಂದ ಬಂದಿದ್ದ ಹಿರಿಯ ಡಾಕ್ಟರು.

ಗಿರಿಜಾ ವಾಲ್ವ್ ಮುಚ್ಚಿ ಒಂದು ಉಸಿರು ಕೊಟ್ಟಳು. ಅಷ್ಟರಲ್ಲಿ ಯಾರೋ ಪ್ರಶ್ನೆ ಕೇಳಿದರು. ಒಳ್ಳೆಯ ಪ್ರಶ್ನೆ. ಅವಳಿಗೆ ಹುರುಪು ಬಂತು. ಕೈ ತೆಗೆದು, ಪಾಠದ ಚಿತ್ರ ಬೀಳುತ್ತಿದ್ದ ಗೋಡೆಯ ಪರದೆಯ ಕಡೆ ತಿರುಗಿ, ಬೆರಳು ತೋರಿಸುತ್ತ ವಿವರಿಸತೊಡಗಿದಳು. ವಾಲ್ವ್ ಮುಚ್ಚಿಯೇ ಇತ್ತು. ಮಂಜುನಾಥ ಆಗತಾನೆ ಬರೆದು ಮುಗಿಸಿ ಅವರೂ ಪರದೆ ನೋಡುತ್ತಿದ್ದರು. ಉಳಿದವರ ಕಣ್ಣೂ ಅಲ್ಲೇ; ಚೀಲದ ಕಡೆ ನೋಡುತ್ತಿದ್ದವಳು ನಾನೊಬ್ಬಳೇ.

ಅದು ಮೋಸಂಬಿಯಷ್ಟಾಯಿತು. ತೆಂಗಿನಕಾಯಿಯಷ್ಟಾಯಿತು.

ಬಾಯಿ ತೆರೆದೆ, ದನಿ ಹೊರಡಲಿಲ್ಲ ಎಂದು ಬರೆಯಲು ನನಗೂ ಆಸೆ. ಅದು ಸುಳ್ಳು. ದನಿ ಇತ್ತು, ನಾನು ಹೊರಡಿಸಲಿಲ್ಲ. ಎಲ್ಲರ ಮುಂದೆ ಒಂದು ಸಲ ಬೀಳಲಿ ಇವಳು ಎಂದುಕೊಂಡೆ. ಇನ್ನೊಬ್ಬರು ಯಾರಾದರೂ ಆ ಚೀಲ ನೋಡಲಿ, ಇವಳು ಮಾಡಿದ್ದಕ್ಕೆ ಸಾಕ್ಷಿಯಾಗಲಿ, ಆಮೇಲೆ ಕೂಗುತ್ತೇನೆ ಎಂದುಕೊಂಡೆ. ಮೇಜಿನ ಮೇಲಿರುವುದು ಹಾಲಮ್ಮನ ನಾಯಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಂತಿದ್ದೆ. ಚೀಲದ ರಬ್ಬರು ಬಿಗಿದು ಮಿರುಗತೊಡಗಿತು. ನನ್ನ ಕೈಯಲ್ಲಿ ಟ್ರೇ ಸಣ್ಣಗೆ ಅದುರುತ್ತಿತ್ತು.

ಆಗ 'ಸ್ಸ್' ಎಂದು ಗಾಳಿ ಬಿಟ್ಟ ಸದ್ದಾಯಿತು. ಚೀಲ ಒಮ್ಮೆಗೇ ಇಳಿದು ಜೋತುಬಿತ್ತು.

ಗಿರಿಜಾ ಗಕ್ಕನೆ ತಿರುಗಿದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ವಾಲ್ವ್ ನೋಡಿದಳು, ಆಮೇಲೆ ಮಷೀನಿಗೂ ಮಂಜುನಾಥರಿಗೂ ನಡುವೆ, ಒಬ್ಬರು ನಿಲ್ಲುವಷ್ಟು ಖಾಲಿ ಇದ್ದ ಜಾಗವನ್ನು ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು.

"ತೆಗದ್ರಲ್ಲ ಮೇಡಂ. ಇಲ್ಲಾಂದ್ರ ಹೋಗೇ ಬಿಡ್ತಿತ್ತು."

ಆ ಜಾಗದಲ್ಲಿ ನನಗೆ ಯಾರೂ ಕಾಣಲಿಲ್ಲ. ಮಂಜುನಾಥ ಮಾತ್ರ ಯಾರಿಗೋ ದಾರಿ ಬಿಡುವವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದರು. ಗಿರಿಜಾ ಚಿನ್ನಿಯ ಒಸಡು ನೋಡಿ, ಎರಡು ಮೂರು ನಿಮಿಷ ಎದೆಗೆ ಕಿವಿ ಕೊಟ್ಟು ಕೇಳಿದಳು. ಎಲ್ಲ ಸರಿಯಿದೆ ಎಂದಾದ ಮೇಲೆ ತಲೆಯೆತ್ತಿ ನನ್ನನ್ನು ಹುಡುಕಿದಳು. ನಾನು ಗೋಡೆಯ ಹತ್ತಿರ ಟ್ರೇ ಹಿಡಿದು ನಿಂತಿರುವುದನ್ನು ಕಂಡು ಒಂದು ಕ್ಷಣ ಅವಳ ಹುಬ್ಬು ಗಂಟಾಯಿತು. ಮತ್ತೆ ಕೆಲಸಕ್ಕೆ ತಿರುಗಿದಳು.

ಶಸ್ತ್ರಚಿಕಿತ್ಸೆ ಮುಗಿದು ಚಿನ್ನಿ ಕಣ್ಣು ಬಿಟ್ಟ ಮೇಲೆ ಗಿರಿಜಾ ಎಲ್ಲರನ್ನೂ ಸಭಾಂಗಣದಲ್ಲಿ ಕೂಡಿಸಿದಳು. ತಾನು ಮಾಡಿದ ತಪ್ಪನ್ನು ತಾನೇ ಬೋರ್ಡಿನ ಮೇಲೆ ಬರೆದಳು. ನಿನ್ನೆ ಪಾಠ ಮಾಡಿದವಳೇ ಇವತ್ತು ಮರೆತೆ, ಮೇಡಂ ಹಿಂದಿನಿಂದ ಬಂದು ಸದ್ದಿಲ್ಲದೆ ವಾಲ್ವ್ ತೆಗೆದರು, ನನಗೆ ಎಲ್ಲರ ಮುಂದೆ ಅವಮಾನವಾಗದಿರಲಿ ಎಂದು ಒಂದು ಮಾತೂ ಆಡದೆ ಹಿಂದೆ ಹೋಗಿ ನಿಂತರು ಎಂದಳು. ಕೂತವರೆಲ್ಲ ಚಪ್ಪಾಳೆ ಹೊಡೆದರು. ನಾನು ತಲೆ ತಗ್ಗಿಸಿದೆ. ಅದೂ ದೊಡ್ಡಗುಣವಾಗಿ ಕಂಡಿರಬೇಕು.

ಚಹಾದ ಹೊತ್ತಿಗೆ ಮಂಜುನಾಥರನ್ನು ಬದಿಗೆ ಕರೆದು, ವಾಲ್ವ್ ತೆಗೆದವರು ಯಾರೆಂದು ಕೇಳಿದೆ. ನೀವು ನನ್ನ ಹೆಗಲ ಪಕ್ಕದಿಂದಲೇ ಕೈ ಚಾಚಿದಿರಲ್ಲ ಎಂದು ಅವರೇ ಆಶ್ಚರ್ಯಪಟ್ಟರು. ಹಾಳೆ ತೋರಿಸಿದರು. ಹನ್ನೊಂದು ನಲವತ್ತರ ಸಾಲಿನಲ್ಲಿ, ವಾಲ್ವ್ ಮುಚ್ಚಿತ್ತು, ಹರಿಹರ ಮೇಡಂ ತೆಗೆದರು ಎಂದು ಷರಾ ಇತ್ತು. ಅದರ ಜೆರಾಕ್ಸ್ ಪ್ರತಿ ಇಂದಿಗೂ ನನ್ನ ಹತ್ತಿರ ಇದೆ.

ಹಾಗಾದರೆ ನನಗೇ ಗೊತ್ತಿಲ್ಲದೆ ಹೋಗಿ ತೆಗೆದು ಬಂದೆನೇನೋ, ಮನಸ್ಸಿನ ಆಟ ಇದ್ದೀತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಜಗಳೂರಿನ ಡಾಕ್ಟರು ಮಂಡಕ್ಕಿಯ ಪೊಟ್ಟಣ ಹಿಡಿದು ಹತ್ತಿರ ಬಂದರು. ಅವರು ಸುತ್ತಮುತ್ತ ನೋಡಿ ಹೇಳಿದ್ದು ಇಷ್ಟು.

"ಆ ಹುಡುಗಿ ಯಾಕ ಹಂಗಂದ್ಲು ಮೇಡಂ? ನೀವು ನನ್ನ ಮಗ್ಗಲಾಗೇ ಇದ್ರಿ. ನಿಮ್ಮ ಟ್ರೇ ಬೀಳಂಗಾಗಿತ್ತು, ಇನ್ನೊಂದು ತುದಿ ನಾನೇ ಹಿಡ್ಕಂಡಿದ್ದೆ."

ಅವರು ಚಾಚಿದ ಪೊಟ್ಟಣದಿಂದ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡೆ.

ಸಂಜೆ ಹಾಲಮ್ಮ ಚಿನ್ನಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ಕೂತಳು. ಒಳಗೆ ನಡೆದದ್ದನ್ನು ಯಾರೋ ಅವಳಿಗೆ ಹೇಳಿಬಿಟ್ಟಿದ್ದರು. ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಹರಿಹರದವರೆಗೆ ಅವಳ ಜೊತೆಗೇ ಬರಬೇಕಾಗಿದ್ದವಳು ಬೇರೆ ಕೆಲಸವಿದೆ ಎಂದು ಸುಳ್ಳು ಹೇಳಿ ಹಿಂದೆ ಉಳಿದೆ.

ಇದನ್ನು ನುಂಗಿಕೊಂಡು ಎಷ್ಟು ದಿನ ಇರಲಿ? ಒಂದು ವರ್ಷದ ಮೇಲೆ ಗಿರಿಜಾಳ ಆಸ್ಪತ್ರೆಗೆ ಹೋದೆ. ಅಷ್ಟು ಹೊತ್ತಿಗೆ ಅವಳು ಮೂರು ನಾಲ್ಕು ತರಬೇತಿ ನಡೆಸಿದ್ದಳು, ಪ್ರತಿಯೊಂದರಲ್ಲೂ ತನ್ನ ತಪ್ಪನ್ನೂ ನನ್ನ ಹೆಸರನ್ನೂ ಹೇಳಿದ್ದಳು. ಪರಿಚಯವೇ ಇಲ್ಲದ ಡಾಕ್ಟರುಗಳು ನನಗೆ ಕೈಮುಗಿಯುವಂತಾಗಿತ್ತು. ಬಾಗಿಲು ಹಾಕಿಕೊಂಡು ಕೂತು, ಸುತ್ತು ಬಳಸದೆ ಹೇಳಿದೆ.

"ಅವತ್ತು ನಾನು ಬರ್ಲಿಲ್ಲ, ಗಿರಿಜಾ. ವಾಲ್ವ್ ಮುಚ್ಚಿದ್ದು ಕಂಡಿತ್ತು. ನೀನು ಎಲ್ಲರ ಮುಂದೆ ಬೀಳ್ಲಿ ಅಂತ ನೋಡ್ಕಂತ ನಿಂತಿದ್ದೆ."

ಅವಳು ನನ್ನನ್ನೇ ನೋಡಿದಳು. ಅವಳಿಗೆ ನೋವಾಗುತ್ತದೆ, ಸಿಟ್ಟಾಗುತ್ತಾಳೆ ಎಂದು ಕಾದೆ. ಅವಳು ನಕ್ಕುಬಿಟ್ಟಳು.

"ನೀವು ಯಾವಾಗ್ಲೂ ಹಿಂಗ ರೀ ಮೇಡಂ. ಮಾಡಿದ್ದು ಒಪ್ಕಳಂಗಿಲ್ಲ. ನಾ ಕಣ್ಣಾರೆ ನೋಡೀನಿ, ನಿಮ್ಮ ಮುಖ ಎಷ್ಟು ಶಾಂತ ಇತ್ತು ಅಂತೀರಿ."

ಮತ್ತೂ ಎರಡು ಸಲ ಹೇಳಿದೆ. ನಂಬಲಿಲ್ಲ. ಚಹಾ ತರಿಸಿದಳು.

ಆ ವಾಲ್ವ್ ತಾನಾಗಿ ತಿರುಗಿತೋ, ಇಬ್ಬರು ಓದಿದವರು ಒಂದೇ ಸಲ ಭ್ರಮೆಗೆ ಬಿದ್ದರೋ, ಅಥವಾ ಜಗಳೂರಿನ ಡಾಕ್ಟರೂ ನಾನೂ ತಪ್ಪು ನೆನಪಿಟ್ಟುಕೊಂಡಿದ್ದೇವೋ, ನನಗೆ ತಿಳಿಯದು. ನನಗೆ ತಿಳಿದ ವಿಜ್ಞಾನದಲ್ಲಿ ಇದಕ್ಕೆ ಉತ್ತರ ಸಿಕ್ಕಿಲ್ಲ, ನಂಬದಿದ್ದ ಸಂಗತಿಗಳನ್ನು ಈಗ ನಂಬುತ್ತೇನೆಂದೂ ಹೇಳಲಾರೆ. ಒಂದು ಮಾತ್ರ ನಿಮಗೆ ಮುಚ್ಚಿಡುವುದಿಲ್ಲ. ಗಿರಿಜಾಳ ಮೇಲಿನ ಹೊಟ್ಟೆಕಿಚ್ಚು ಈಗ ಅಷ್ಟಾಗಿ ಉಳಿದಿಲ್ಲ, ಅವಳ ಹೋಳಿಗೆಯನ್ನು ತಿನ್ನುತ್ತೇನೆ. ಈಗ ಉರಿಯುವುದು ಅವತ್ತು ಮಷೀನಿನ ಪಕ್ಕ ಶಾಂತವಾಗಿ ನಿಂತಿದ್ದವಳನ್ನು ನೆನೆದಾಗ. ನನ್ನದೇ ಮುಖದವಳು, ಹಾಲಮ್ಮನಿಗೆ ನಾನು ಕೊಟ್ಟ ಮಾತನ್ನು ನಡೆಸಿದವಳು. ನಾನು ಅವಳನ್ನು ನೋಡಲೂ ಇಲ್ಲ.